ಮುಕ್ತ ಶಿಕ್ಷಣಕ್ಕೊಂದು ರಾಷ್ಟ್ರೀಯ ಒಕ್ಕೂಟ: ದಾವಣಗೆರೆಯಲ್ಲಿ ಕುಳಿತು ಕಟ್ಟುವ ಬಗೆ

ದಾವಣಗೆರೆಯಲ್ಲಿ ‘ಮುಕ್ತ ಶಿಕ್ಷಣ’ ಎಂದು ಮಾತೆತ್ತಿದರೆ ಸಾಮಾನ್ಯವಾಗಿ ಬರುವ ಮೊದಲ ಪ್ರಶ್ನೆ ‘ಡಿಗ್ರಿಗೆ ಅರ್ಜಿ ಯಾವಾಗ ಬಿಡ್ತಾರೆ ಸಾರ್?’ ಎಂಬುದು. 1996ರಲ್ಲಿ ಮೈಸೂರಿನಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ಆರಂಭವಾದಂದಿನಿಂದ, ಮುಕ್ತ ಎಂದರೆ ಕಾಲೇಜಿಗೆ ಹೋಗದೆ ಪಡೆಯುವ ಪದವಿ ಎಂಬ ಅರ್ಥ ನಮ್ಮ ಕಡೆ ಬೇರೂರಿದೆ. ಒಕ್ಕೂಟ ಕಟ್ಟಲು ಹೊರಟವರು ಈ ಗೊಂದಲವನ್ನು ಮೊದಲ ಸಭೆಯಲ್ಲೇ ನಿವಾರಿಸಿಕೊಳ್ಳಬೇಕು. ಇಲ್ಲದಿದ್ದರೆ ಎರಡನೆಯ ಸಭೆಗೆ ಬರುವವರಲ್ಲಿ ಅರ್ಧ ಮಂದಿ ಬೇರೆಯದೇ ನಿರೀಕ್ಷೆ ಇಟ್ಟುಕೊಂಡು ಬಂದಿರುತ್ತಾರೆ.

ಇಲ್ಲಿ ಹೇಳುತ್ತಿರುವ ಮುಕ್ತ ಶಿಕ್ಷಣವೆಂದರೆ ಪಾಠ, ಅಭ್ಯಾಸ ಹಾಳೆ, ಚಿತ್ರ, ವಿಡಿಯೊ, ಪಠ್ಯಪುಸ್ತಕ ಮುಂತಾದ ಕಲಿಕಾ ಸಾಮಗ್ರಿಯನ್ನು ಯಾರು ಬೇಕಾದರೂ ಇಟ್ಟುಕೊಳ್ಳಲು, ಬಳಸಲು, ತಿದ್ದಲು, ಬೇರೆಯದರೊಡನೆ ಬೆರೆಸಲು ಮತ್ತು ಮತ್ತೊಬ್ಬರಿಗೆ ಹಂಚಲು, ಅದರ ಹಕ್ಕುದಾರರೇ ಮುಂಚಿತವಾಗಿ ಬರೆದುಕೊಟ್ಟ ಅನುಮತಿಯೊಡನೆ ಹೊರತರುವ ಪದ್ಧತಿ. 2001ರಲ್ಲಿ ಅಮೆರಿಕದ ಎಂಐಟಿ ತನ್ನ ಪಾಠಗಳನ್ನು ಅಂತರ್ಜಾಲದಲ್ಲಿ ತೆರೆದಿಡುವುದಾಗಿ ಪ್ರಕಟಿಸಿತು. 2002ರಲ್ಲಿ ಪ್ಯಾರಿಸ್‌ನಲ್ಲಿ ಸೇರಿದ ಯುನೆಸ್ಕೊ ಸಭೆ ಇಂಥ ಸಾಮಗ್ರಿಗೆ ‘ಮುಕ್ತ ಶೈಕ್ಷಣಿಕ ಸಂಪನ್ಮೂಲ’ ಎಂಬ ಹೆಸರು ಕೊಟ್ಟಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ, ಇಂಥ ಅನುಮತಿಯನ್ನು ಯಾರು ಬೇಕಾದರೂ ಬಳಸುವಂತೆ ಸಿದ್ಧಪಡಿಸಿಟ್ಟ ಕ್ರಿಯೇಟಿವ್ ಕಾಮನ್ಸ್ ಪರವಾನಗಿಗಳ ಮೊದಲ ಆವೃತ್ತಿ ಬಂತು. 2019ರ ನವೆಂಬರ್‌ನಲ್ಲಿ ಯುನೆಸ್ಕೊ ಈ ಕುರಿತು ಸದಸ್ಯ ರಾಷ್ಟ್ರಗಳಿಗೆ ಒಂದು ಶಿಫಾರಸನ್ನೇ ಅಂಗೀಕರಿಸಿತು. ಭಾರತದಲ್ಲಿ 2013ರ ಆಗಸ್ಟ್‌ನಲ್ಲಿ ಕೇಂದ್ರದ ಶೈಕ್ಷಣಿಕ ಸಂಶೋಧನಾ ಸಂಸ್ಥೆಯಾದ ಎನ್‌ಸಿಇಆರ್‌ಟಿ ನೋಡಿಕೊಳ್ಳುವ, ಇಂಥ ಸಂಪನ್ಮೂಲಗಳ ರಾಷ್ಟ್ರೀಯ ಭಂಡಾರ ಆರಂಭವಾಯಿತು. ಕರ್ನಾಟಕದಲ್ಲಿ ರಾಜ್ಯದ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯಾದ ಡಿಎಸ್‌ಇಆರ್‌ಟಿ ಮತ್ತು ಐಟಿ ಫಾರ್ ಚೇಂಜ್ ಸಂಸ್ಥೆ ಸೇರಿ ಕನ್ನಡದಲ್ಲೂ ಮುಕ್ತ ಸಂಪನ್ಮೂಲಗಳ ತಾಣವೊಂದನ್ನು ಕಟ್ಟಿದವು. ಸಾಮಗ್ರಿಗೂ ಕೊರತೆಯಿಲ್ಲ, ಘೋಷಣೆಗೂ ಕೊರತೆಯಿಲ್ಲ. ಕೊರತೆ ಇರುವುದು ಒಂದು ರಾಜ್ಯದಲ್ಲಿ ಆದ ಕೆಲಸ ಇನ್ನೊಂದು ರಾಜ್ಯದ ಶಿಕ್ಷಕರ ಮೇಜಿಗೆ ತಲುಪುವ ದಾರಿಯಲ್ಲಿ.

ರಾಷ್ಟ್ರೀಯ ಒಕ್ಕೂಟದ ಕೆಲಸ ಆ ದಾರಿಯನ್ನು ಮಾಡುವುದು. ಅದನ್ನು ಬಿಡಿಸಿ ಹೇಳುವುದಾದರೆ ಮೂರೇ ಕೆಲಸ: ಯಾರ ಬಳಿ ಏನಿದೆ ಎಂಬ ಪಟ್ಟಿ, ಎಲ್ಲರೂ ಒಪ್ಪಿದ ಒಂದು ಪರವಾನಗಿ, ಭಾಷೆಯಿಂದ ಭಾಷೆಗೆ ಅನುವಾದ. ಇವನ್ನು ಮಾಡದ ಒಕ್ಕೂಟ ವರ್ಷಕ್ಕೊಂದು ಸಮ್ಮೇಳನ ನಡೆಸಿ, ಶಾಲು ಹೊದಿಸಿ, ಸ್ಮರಣ ಸಂಚಿಕೆ ತಂದು ಸುಮ್ಮನಾಗುತ್ತದೆ. ಆದ್ದರಿಂದ ನನ್ನ ಸಲಹೆ ರೂಢಿಗೆ ವಿರುದ್ಧವಾಗಿದೆ: ನೋಂದಣಿಯನ್ನು ಕೊನೆಗೆ ಇಟ್ಟುಕೊಳ್ಳಿ, ಕೆಲಸವನ್ನು ಮೊದಲು ಮಾಡಿ. ಮೂರು ರಾಜ್ಯಗಳ ನಡುವೆ ಪಾಠಗಳು ಓಡಾಡತೊಡಗಿದ ಮೇಲೆ ಒಕ್ಕೂಟವನ್ನು ನೋಂದಾಯಿಸಿದರೆ, ಬೈಲಾದಲ್ಲಿ ಏನು ಬರೆಯಬೇಕು ಎಂಬುದು ತಾನಾಗಿಯೇ ತಿಳಿಯುತ್ತದೆ.

ಪಟ್ಟಿಯಿಂದ ಆರಂಭ

ಆರಂಭಕ್ಕೆ ಹತ್ತು ಹನ್ನೆರಡು ಜನ ಸಾಕು. ದಾವಣಗೆರೆ, ಹರಿಹರ, ಜಗಳೂರು ತಾಲ್ಲೂಕುಗಳು 1997ರವರೆಗೆ ಚಿತ್ರದುರ್ಗ ಜಿಲ್ಲೆಯಲ್ಲೇ ಇದ್ದುದರಿಂದ ಎರಡೂ ಕಡೆಯ ಶಿಕ್ಷಕರಿಗೆ ಪರಸ್ಪರ ಪರಿಚಯ ಇದ್ದೇ ಇರುತ್ತದೆ. ಎರಡೂ ಜಿಲ್ಲೆಗಳ ಶಿಕ್ಷಕ ತರಬೇತಿ ಸಂಸ್ಥೆಗಳಾದ ಡಯಟ್‌ಗಳು, ತೋಳಹುಣಸೆಯಲ್ಲಿ 2009ರಲ್ಲಿ ಆರಂಭವಾದ ದಾವಣಗೆರೆ ವಿಶ್ವವಿದ್ಯಾನಿಲಯ, ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿ ವಿಜ್ಞಾನ ಮತ್ತು ಗಣಿತ ಶಿಕ್ಷಕರಿಗೆ ತರಬೇತಿ ನೀಡುವ ಭಾರತೀಯ ವಿಜ್ಞಾನ ಸಂಸ್ಥೆಯ ಕೇಂದ್ರ, ಇವೆಲ್ಲ ಒಂದೆರಡು ಗಂಟೆಯ ಬಸ್ ಪ್ರಯಾಣದ ಒಳಗೇ ಇವೆ. ಗುಂಪಿನಲ್ಲಿ ಶಿಕ್ಷಕರಷ್ಟೇ ಇದ್ದರೆ ಸಾಲದು. ಒಬ್ಬ ಗ್ರಂಥಪಾಲಕರು, ಒಬ್ಬ ವಕೀಲರು, ಡಿಟಿಪಿ ಕೆಲಸದಲ್ಲಿ ಪಳಗಿದ ಒಬ್ಬರು ಇರಲೇಬೇಕು. ಈ ಮೂವರಲ್ಲಿ ಗ್ರಂಥಪಾಲಕರೇ ಮುಖ್ಯ ಎಂಬುದು ನನ್ನ ಅನುಭವ, ಏಕೆಂದರೆ ಪಟ್ಟಿ ಮಾಡುವ ಶಿಸ್ತು ಉಳಿದವರಿಗೆ ಹುಟ್ಟಿನಿಂದ ಬರುವುದಿಲ್ಲ.

ಮೊದಲ ಮೂರು ತಿಂಗಳು ಗುಂಪು ಮಾಡಬೇಕಾದದ್ದು ಒಂದೇ: ಎರಡು ಜಿಲ್ಲೆಗಳ ಶಿಕ್ಷಕರ ಪೆನ್‌ಡ್ರೈವ್‌ಗಳಲ್ಲಿ, ಲ್ಯಾಪ್‌ಟಾಪ್‌ಗಳಲ್ಲಿ, ವಾಟ್ಸ್ಆ್ಯಪ್ ಗುಂಪುಗಳಲ್ಲಿ ಬಿದ್ದಿರುವ ಸ್ವಂತ ಸಾಮಗ್ರಿಯನ್ನು ಎಣಿಸಿ ಬರೆದಿಡುವುದು. ಇದು ಸುಲಭವೆಂದು ಯಾರೂ ಭಾವಿಸಬಾರದು. ಪ್ರೌಢಶಾಲೆಯ ಗಣಿತ ಶಿಕ್ಷಕಿಯೊಬ್ಬರು ಹಲವು ವರ್ಷ ಶ್ರಮಪಟ್ಟು ಸಿದ್ಧಪಡಿಸಿದ ಅಭ್ಯಾಸ ಹಾಳೆಗಳನ್ನು ಒಮ್ಮೆ ನನಗೆ ಕೊಟ್ಟರು. ಕಡತವನ್ನು ನನ್ನ ಕಂಪ್ಯೂಟರಿನಲ್ಲಿ ತೆರೆದಾಗ ಕಂಡದ್ದು ಪುಟದ ತುಂಬ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಮತ್ತು ಚಿಹ್ನೆಗಳು. ಅವರು ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದರು. ಆ ಫಾಂಟ್ ನನ್ನಲ್ಲಿರಲಿಲ್ಲ. ಪರಿವರ್ತಕ ತಂತ್ರಾಂಶದ ಮೂಲಕ, ಎಲ್ಲ ಕಂಪ್ಯೂಟರುಗಳೂ ಓದಬಲ್ಲ ಅಕ್ಷರ ಸಂಕೇತವಾದ ಯೂನಿಕೋಡಿಗೆ ತಂದಾಗ ಅಕ್ಷರಗಳೇನೋ ಕನ್ನಡವಾದವು, ಆದರೆ ಅರ್ಕಾವತ್ತು ಒಂದಕ್ಷರ ಜರುಗಿ ‘ವರ್ಗಮೂಲ’ವು ‘ವಗರ್ಮೂಲ’ವಾಗಿತ್ತು, ‘ಕರ್ನಾಟಕ’ವು ‘ಕನಾರ್ಟಕ’ವಾಗಿತ್ತು. ಸಮೀಕರಣಗಳೆಲ್ಲ ಚಿತ್ರಗಳ ರೂಪದಲ್ಲಿದ್ದುದರಿಂದ ಅವನ್ನು ತಿದ್ದುವಂತೆಯೂ ಇರಲಿಲ್ಲ. ಹದಿನಾಲ್ಕು ಪುಟಗಳನ್ನು ಸರಿಪಡಿಸಲು ಇಬ್ಬರಿಗೆ ಎರಡು ಸಂಜೆ ಹಿಡಿಯಿತು. ತಿದ್ದಲು ಬಾರದ ಸಾಮಗ್ರಿಗೆ ಎಂಥ ಉದಾರ ಪರವಾನಗಿ ಹಾಕಿದರೂ ಅದು ಕಾಗದದ ಮೇಲಷ್ಟೇ ಮುಕ್ತ.

ಆದ್ದರಿಂದ ಪಟ್ಟಿಯಲ್ಲಿ ಶೀರ್ಷಿಕೆ, ತರಗತಿ, ವಿಷಯ, ಭಾಷೆ ಮತ್ತು ರಚಿಸಿದವರ ಹೆಸರಿನ ಜೊತೆಗೆ ಮೂರು ಅಂಕಣಗಳು ಕಡ್ಡಾಯವಾಗಿರಲಿ: ಕಡತ ಯೂನಿಕೋಡಿನಲ್ಲಿದೆಯೇ, ತಿದ್ದಬಹುದಾದ ಮೂಲ ಕಡತ ಸಿಗುತ್ತದೆಯೇ, ಒಳಗಿರುವ ಚಿತ್ರಗಳು ಯಾರವು. ಇದಕ್ಕೆ ದೊಡ್ಡ ತಂತ್ರಾಂಶವೇನೂ ಬೇಡ, ಒಂದು ಸ್ಪ್ರೆಡ್‌ಶೀಟ್ ಸಾಕು. ಮುಂದೆ ಬೇರೆ ರಾಜ್ಯದವರು ಸೇರುವಾಗ ಅವರ ಪಟ್ಟಿಯೂ ಇದೇ ಅಂಕಣಗಳಲ್ಲಿರಬೇಕು ಎಂಬುದೇ ಒಕ್ಕೂಟದ ಮೊದಲ ನಿಯಮವಾಗಲಿ.

ಯಾರ ಹಕ್ಕು, ಯಾವ ಪರವಾನಗಿ

ಮೂರನೆಯ ಅಂಕಣವೇ ಅತಿ ಹೆಚ್ಚು ತೊಂದರೆ ಕೊಡುವುದು. ಮೇಲೆ ಹೇಳಿದ ಅಭ್ಯಾಸ ಹಾಳೆಗಳಲ್ಲಿ ಎತ್ತರ ಅಳೆಯುವ ಲೆಕ್ಕವೊಂದಕ್ಕೆ ಚಿತ್ರದುರ್ಗದ ಕೋಟೆಯ ಬತೇರಿಯ ಸುಂದರ ಚಿತ್ರವಿತ್ತು. ಅದನ್ನು ತೆಗೆದವರು ಯಾರೆಂದು ಆ ಶಿಕ್ಷಕಿಗೂ ಗೊತ್ತಿರಲಿಲ್ಲ, ಹುಡುಕಿದಾಗ ಸಿಕ್ಕದ್ದನ್ನು ಅಂಟಿಸಿದ್ದರು. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೆಯ ಕಲಮು ಬೋಧನೆಯ ಸಂದರ್ಭದಲ್ಲಿ ಶಿಕ್ಷಕರು ಕೃತಿಗಳ ಪ್ರತಿ ಮಾಡಿಕೊಳ್ಳಲು ಅವಕಾಶ ನೀಡುತ್ತದೆ; ದೆಹಲಿ ವಿಶ್ವವಿದ್ಯಾಲಯದ ಜೆರಾಕ್ಸ್ ಪ್ರತಿಗಳ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್ 2016ರಲ್ಲಿ ಈ ಅವಕಾಶವನ್ನು ವಿಶಾಲವಾಗಿಯೇ ಅರ್ಥೈಸಿತು. ಆದರೆ ಆ ರಿಯಾಯಿತಿ ಬೋಧನೆಗೆ ಸಂಬಂಧಿಸಿದ್ದು. ಬೇರೊಬ್ಬರ ಚಿತ್ರವನ್ನು ನಮ್ಮ ಹಾಳೆಯಲ್ಲಿಟ್ಟು, ‘ಇದನ್ನು ಇಡೀ ದೇಶ ತಿದ್ದಿ ಹಂಚಬಹುದು’ ಎಂದು ಬರೆಯುವ ಅಧಿಕಾರವನ್ನು ಅದು ಕೊಡುವುದಿಲ್ಲ. ಪರಿಹಾರ ಸರಳವಾಗಿತ್ತು: ಮುಂದಿನ ಭಾನುವಾರ ಅವರೇ ಕೋಟೆ ಹತ್ತಿ, ಮೊಬೈಲಿನಲ್ಲಿ ಚಿತ್ರ ತೆಗೆದರು. ಹೊಸ ಚಿತ್ರದ ಮೂಲೆಯಲ್ಲಿ ಪ್ರವಾಸಿಯೊಬ್ಬರ ಕೊಡೆ ಬಂದಿದೆ, ಲೆಕ್ಕಕ್ಕೇನೂ ತೊಂದರೆಯಾಗಿಲ್ಲ.

ಸ್ಥಳೀಯ ಇತಿಹಾಸದ ಪಾಠ ಮಾಡುವವರಿಗೆ ಇನ್ನೊಂದು ಲೆಕ್ಕ ತಿಳಿದಿರಬೇಕು. ಸಾಹಿತ್ಯ ಕೃತಿಗಳ ಮೇಲಿನ ಹಕ್ಕು ಲೇಖಕರ ಮರಣಾನಂತರ 60 ವರ್ಷ ಉಳಿಯುತ್ತದೆ. ಚಿತ್ರದುರ್ಗದ ಪಾಳೆಯಗಾರರನ್ನು ಕುರಿತು ಬರೆದ ತ.ರಾ.ಸು. 1984ರಲ್ಲಿ ನಿಧನರಾದರು, ಅವರ ಕಾದಂಬರಿಯ ಪುಟಗಳನ್ನು ಮುಕ್ತ ಪಾಠದೊಳಗೆ ಹಾಗೆಯೇ ಸೇರಿಸಲು 2044 ಮುಗಿಯುವವರೆಗೆ ಹಕ್ಕುದಾರರ ಅನುಮತಿ ಬೇಕು. ಅದೇ ಶಾಸನ ಸಂಶೋಧಕ ಬಿ.ಎಲ್. ರೈಸ್ 1903ರಲ್ಲಿ ಹೊರತಂದ ಚಿತ್ರದುರ್ಗ ಜಿಲ್ಲೆಯ ಶಾಸನ ಸಂಪುಟದಿಂದ ಎಷ್ಟು ಬೇಕಾದರೂ ತೆಗೆದುಕೊಳ್ಳಬಹುದು. ಬ್ರಹ್ಮಗಿರಿಯ ಅಶೋಕನ ಶಾಸನದ ಪಾಠ ಮಾಡುವವರಿಗೆ ಇದು ಸಣ್ಣ ಅನುಕೂಲವಲ್ಲ.

ಶಿಕ್ಷಕರು ತಾವೇ ಬರೆದದ್ದರ ಹಕ್ಕು ತಮ್ಮದೇ ಎಂದು ನಂಬಿರುತ್ತಾರೆ. ನೌಕರಿಯ ಕರ್ತವ್ಯದ ಭಾಗವಾಗಿ ರಚಿಸಿದ ಕೃತಿಗೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಉದ್ಯೋಗದಾತರೇ ಮೊದಲ ಹಕ್ಕುದಾರರು ಎಂದು ಅದೇ ಕಾಯ್ದೆಯ 17ನೆಯ ಕಲಮು ಹೇಳುತ್ತದೆ. ಮನೆಯಲ್ಲಿ ಸ್ವಂತ ಆಸಕ್ತಿಯಿಂದ ಮಾಡಿದ ಹಾಳೆ ಕರ್ತವ್ಯದ ಭಾಗವೋ ಅಲ್ಲವೋ ಎಂಬ ವಾದಕ್ಕೆ ಕೊನೆಯಿಲ್ಲ. ಆ ವಾದಕ್ಕೆ ಇಳಿಯುವ ಬದಲು, ಶಾಲೆಯ ಮುಖ್ಯಸ್ಥರಿಂದ ಅಥವಾ ಆಡಳಿತ ಮಂಡಳಿಯಿಂದ ‘ಈ ಸಾಮಗ್ರಿಯನ್ನು ಇಂಥ ಪರವಾನಗಿಯಡಿ ಪ್ರಕಟಿಸಲು ನಮ್ಮ ಅಭ್ಯಂತರವಿಲ್ಲ’ ಎಂಬ ಒಂದು ಪುಟದ ಪತ್ರ ಪಡೆದು ಕಡತದಲ್ಲಿಡುವುದು ಮೇಲು. ಒಕ್ಕೂಟವು ಈ ಪತ್ರದ ಮಾದರಿಯನ್ನು ಪ್ರತಿ ಭಾಷೆಯಲ್ಲೂ ಸಿದ್ಧಪಡಿಸಿಕೊಟ್ಟರೆ, ಅದೊಂದೇ ನೂರು ಭಾಷಣಗಳಿಗಿಂತ ಉಪಯುಕ್ತ.

ಪರವಾನಗಿಯ ಆಯ್ಕೆಯಲ್ಲಿ ನನ್ನ ನಿಲುವು ಸ್ಪಷ್ಟ: ಒಕ್ಕೂಟ ಒಂದನ್ನೇ ಆರಿಸಿಕೊಳ್ಳಲಿ, ಅದು ಕ್ರಿಯೇಟಿವ್ ಕಾಮನ್ಸ್‌ನ ಬಿವೈ-ಎಸ್‌ಎ ಆಗಿರಲಿ. ರಚಿಸಿದವರ ಹೆಸರು ಹೇಳಬೇಕು, ತಿದ್ದಿ ಹೊರತಂದದ್ದನ್ನೂ ಅದೇ ಷರತ್ತಿನಡಿ ಹಂಚಬೇಕು, ಇಷ್ಟೇ ಅದರ ತಾತ್ಪರ್ಯ. ಬದಲಿಸಿದ್ದನ್ನು ಹಂಚಕೂಡದು ಎನ್ನುವ ಎನ್‌ಡಿ ಷರತ್ತು ಸೇರಿಸಿದರೆ ಅನುವಾದಿಸಿ ಹಂಚುವಂತೆಯೇ ಇಲ್ಲ. ಇಷ್ಟು ಭಾಷೆಗಳ ದೇಶದಲ್ಲಿ ಅದು ಬಾಗಿಲು ತೆರೆದು ಚಿಲಕ ಹಾಕಿದ ಹಾಗೆ. ವಾಣಿಜ್ಯ ಬಳಕೆ ಕೂಡದು ಎನ್ನುವ ಎನ್‌ಸಿ ಷರತ್ತು ಮೊದಲ ನೋಟಕ್ಕೆ ಹಿತವಾಗಿ ಕಾಣುತ್ತದೆ, ಶಿಕ್ಷಕರಿಗೆ ಅದೇ ಹೆಚ್ಚು ಇಷ್ಟ. ಆದರೆ ನಮ್ಮೂರಿನಲ್ಲಿ ಪಾಠದ ಹಾಳೆ ವಿದ್ಯಾರ್ಥಿಯ ಕೈ ಸೇರುವುದು ಕಾಲೇಜಿನ ಎದುರಿನ ಜೆರಾಕ್ಸ್ ಅಂಗಡಿಯಿಂದ. ಅಂಗಡಿಯವರು ಹಾಳೆಗೆ ಇಷ್ಟೆಂದು ತೆಗೆದುಕೊಳ್ಳುವ ದುಡ್ಡು ವಾಣಿಜ್ಯವೇ ಅಲ್ಲವೇ ಎಂಬ ಅನುಮಾನವನ್ನು ನಾವಾಗಿಯೇ ಹುಟ್ಟುಹಾಕುವ ಅಗತ್ಯವಿಲ್ಲ. ಅಲ್ಲದೆ ಎನ್‌ಸಿ ಸಾಮಗ್ರಿಯನ್ನೂ ಬಿವೈ-ಎಸ್‌ಎ ಸಾಮಗ್ರಿಯನ್ನೂ ಬೆರೆಸಿ ಹೊಸದೊಂದು ಪಾಠ ಮಾಡಲು ಷರತ್ತುಗಳು ಬಿಡುವುದಿಲ್ಲ. ಎನ್‌ಸಿಇಆರ್‌ಟಿಯ ಭಂಡಾರವೂ ಬಿವೈ-ಎಸ್‌ಎಯನ್ನೇ ಆಧಾರವಾಗಿ ಇಟ್ಟುಕೊಂಡಿರುವುದರಿಂದ ಕೊಡುಕೊಳ್ಳುವಿಕೆ ಸಲೀಸಾಗುತ್ತದೆ.

ಅಂತರ್ಜಾಲದಲ್ಲಿ ಉಚಿತವಾಗಿ ಸಿಗುವುದೆಲ್ಲ ಮುಕ್ತವಲ್ಲ ಎಂಬುದನ್ನು ಸದಸ್ಯರಿಗೆ ಪದೇ ಪದೇ ಹೇಳಬೇಕಾಗುತ್ತದೆ. ಕರ್ನಾಟಕ ಪಠ್ಯಪುಸ್ತಕ ಸಂಘದ ಪುಸ್ತಕಗಳನ್ನು ಯಾರು ಬೇಕಾದರೂ ಇಳಿಸಿಕೊಂಡು ಓದಬಹುದು. ಅಷ್ಟರಿಂದಲೇ ಅವನ್ನು ತಿದ್ದಿ ಮರುಪ್ರಕಟಿಸುವ ಹಕ್ಕು ನಮಗೆ ಬಂದಂತಾಗುವುದಿಲ್ಲ.

ಗಡಿ ದಾಟುವುದು

ರಾಷ್ಟ್ರೀಯ ಎಂದಾಕ್ಷಣ ದೆಹಲಿಯ ಕಡೆ ಮುಖ ಮಾಡುವುದು ನಮ್ಮ ಅಭ್ಯಾಸ. ಚಿತ್ರದುರ್ಗದವರಿಗೆ ರಾಷ್ಟ್ರ ಮೊಳಕಾಲ್ಮುರಿನಿಂದಲೇ ಆರಂಭವಾಗುತ್ತದೆ. ಅಲ್ಲಿಂದ ಗಡಿಯಾಚೆ ಆಂಧ್ರಪ್ರದೇಶದ ಅನಂತಪುರ ಜಿಲ್ಲೆಯ ರಾಯದುರ್ಗ. ಈಚೆ ಮನೆಯಲ್ಲಿ ತೆಲುಗು ಆಡುವ ಮಕ್ಕಳು ಕನ್ನಡ ಮಾಧ್ಯಮದಲ್ಲಿ ಓದುತ್ತಾರೆ, ಆಚೆ ಮನೆಯಲ್ಲಿ ಕನ್ನಡ ಆಡುವ ಮಕ್ಕಳಿದ್ದಾರೆ. ಒಂದೇ ಭಿನ್ನರಾಶಿಯ ಪಾಠವನ್ನು ಎರಡೂ ಲಿಪಿಗಳಲ್ಲಿ ಅಕ್ಕಪಕ್ಕ ಇಟ್ಟು ಅಚ್ಚು ಹಾಕಿದರೆ ಅದರ ಉಪಯೋಗ ಎರಡೂ ಕಡೆ ಮರುದಿನವೇ ಕಾಣುತ್ತದೆ.

ಆದ್ದರಿಂದ ಪಟ್ಟಿಯಲ್ಲಿ ಅತ್ಯುತ್ತಮವೆನಿಸಿದ ಐದು ಪಾಠಗಳನ್ನು ಆರಿಸಿ, ಗಡಿಯಾಚೆಯ ಐದು ಶಿಕ್ಷಕರಿಗೆ ಕಳುಹಿಸಿ, ತೆಲುಗಿಗೆ ತರಲು ಕೇಳಿ. ಅವರ ಐದನ್ನು ಕನ್ನಡಕ್ಕೆ ತನ್ನಿ. ಅನುವಾದ ಮಾಡುವಾಗ ಪಾರಿಭಾಷಿಕ ಪದಗಳಿಗೆ ಒಂದು ಸಣ್ಣ ಸಮಾನಪದ ಪಟ್ಟಿ ಬೆಳೆಯುತ್ತ ಹೋಗಲಿ, ಏಕೆಂದರೆ ‘ಛೇದ’ ಎಂಬಂಥ ಒಂದೇ ಪದಕ್ಕೆ ಪುಸ್ತಕದಿಂದ ಪುಸ್ತಕಕ್ಕೆ ಬೇರೆ ಬೇರೆ ಅರ್ಥಛಾಯೆ ಇರುವುದು ಅನುವಾದಕ್ಕೆ ಕುಳಿತಾಗಲೇ ತಿಳಿಯುವುದು. ತೆಲುಗಿನವರ ಮೂಲಕ ತಮಿಳಿನವರು, ಮರಾಠಿಯವರು ಪರಿಚಯವಾಗುತ್ತಾರೆ. ಸಮ್ಮೇಳನದಲ್ಲಿ ವಿಸಿಟಿಂಗ್ ಕಾರ್ಡ್ ಬದಲಿಸಿಕೊಂಡವರಿಗಿಂತ ಒಂದು ಪಾಠವನ್ನು ಕೂಡಿ ತಿದ್ದಿದವರು ಹೆಚ್ಚು ಕಾಲ ಜೊತೆಗಿರುತ್ತಾರೆ. ಪ್ರತಿ ವರ್ಷ ಮಾರ್ಚ್‌ನಲ್ಲಿ ಲೋಕದ ಹಲವೆಡೆ ಮುಕ್ತ ಶಿಕ್ಷಣ ಸಪ್ತಾಹ ನಡೆಯುತ್ತದೆ, 2012ರಿಂದ ಆರಂಭವಾದದ್ದು. ಆದ ಕೆಲಸವನ್ನು ತೋರಿಸಲು ಅದೊಂದು ಒಳ್ಳೆಯ ಗಡುವು. ನಮ್ಮಲ್ಲಿ ಪರೀಕ್ಷೆಯ ಕಾಲ ಎಂಬುದೊಂದೇ ಅಡ್ಡಿ.

ಒಕ್ಕೂಟದ ರಚನೆ

ಮೂರು ರಾಜ್ಯಗಳು ಕೂಡಿದ ಮೇಲೆ ಸದಸ್ಯರು ಯಾರು ಎಂಬ ಪ್ರಶ್ನೆ ಬರುತ್ತದೆ. ನಮ್ಮ ಕಣ್ಣೆದುರಿಗೆ ಎರಡು ಮಾದರಿಗಳಿವೆ. 1915ರಲ್ಲಿ ಹುಟ್ಟಿದ ಕನ್ನಡ ಸಾಹಿತ್ಯ ಪರಿಷತ್ತು ವ್ಯಕ್ತಿಗಳ ಸದಸ್ಯತ್ವದ ಮೇಲೆ ನಿಂತಿದೆ. ಸದಸ್ಯರು ಮತ ಹಾಕಿ ಅಧ್ಯಕ್ಷರನ್ನು ಆರಿಸುತ್ತಾರೆ, ಜಿಲ್ಲೆ ತಾಲ್ಲೂಕುಗಳಲ್ಲಿ ಘಟಕಗಳಿವೆ. 1988ರಲ್ಲಿ ರೂಪುಗೊಂಡ ಅಖಿಲ ಭಾರತ ಜನವಿಜ್ಞಾನ ಜಾಲವಾದರೋ ರಾಜ್ಯಗಳಲ್ಲಿ ಆಗಲೇ ಕೆಲಸ ಮಾಡುತ್ತಿದ್ದ ಸಂಘಟನೆಗಳು ಕೂಡಿ ಆದದ್ದು. ಮೊದಲನೆಯದರಲ್ಲಿ ಉತ್ಸಾಹ ಹೆಚ್ಚು, ಚುನಾವಣೆಯ ಕಾವೂ ಹೆಚ್ಚು. ಸಮನ್ವಯವೇ ಉದ್ದೇಶವಾಗಿರುವಾಗ ಎರಡನೆಯದೇ ಸರಿ ಎಂದು ನಾನು ತಿಳಿದಿದ್ದೇನೆ: ಸದಸ್ಯರು ಸಂಸ್ಥೆಗಳೂ ಗುಂಪುಗಳೂ ಆಗಿರಲಿ, ಪ್ರತಿಯೊಂದು ಭಾಷೆಗೆ ಸದಸ್ಯರು ಎಷ್ಟೇ ಇದ್ದರೂ ಸಮಾನ ಮತವಿರಲಿ. ಸದಸ್ಯರ ತಲೆ ಎಣಿಸಿ ಮತ ಕೊಟ್ಟರೆ, ಕಚೇರಿ ಇರುವ ರಾಜ್ಯದವರೇ ಪ್ರತಿ ಸಲವೂ ಗೆಲ್ಲುತ್ತಾರೆ. ದಾವಣಗೆರೆಯಲ್ಲಿ ಕಚೇರಿ ಇದ್ದರೆ ಆ ಆರೋಪ ನಮ್ಮ ಮೇಲೇ ಬರುತ್ತದೆ. ಕಾರ್ಯದರ್ಶಿ ಸ್ಥಾನ ಎರಡು ವರ್ಷಕ್ಕೊಮ್ಮೆ ಒಂದು ರಾಜ್ಯದಿಂದ ಇನ್ನೊಂದಕ್ಕೆ ಹೋಗಲಿ. ಖಜಾಂಚಿ ಮಾತ್ರ ನೋಂದಾಯಿತ ಕಚೇರಿ ಇರುವ ಊರಿನವರಾಗಿರುವುದು ಅನುಕೂಲ, ಬ್ಯಾಂಕಿನ ಕೆಲಸ ದೂರದಿಂದ ಆಗುವುದಿಲ್ಲ.

ಸರ್ಕಾರಿ ಶಾಲೆಯ ಶಿಕ್ಷಕರು ಪದಾಧಿಕಾರಿಗಳಾಗುವ ಮುನ್ನ ನಡತೆ ನಿಯಮಗಳನ್ನು ಓದಿ, ಇಲಾಖೆಯಿಂದ ಲಿಖಿತ ಅನುಮತಿ ಪಡೆದುಕೊಳ್ಳುವುದು ಕ್ಷೇಮ.

ನೋಂದಣಿ

ಮೂರು ಮಾರ್ಗಗಳಿವೆ. ಟ್ರಸ್ಟ್ ಸುಲಭ, ಪತ್ರ ಬರೆಸಿ ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಿದರೆ ಆಯಿತು. ಆದರೆ ಅದು ಟ್ರಸ್ಟಿಗಳ ಸ್ವತ್ತಿನಂತೆ ನಡೆಯುತ್ತದೆ, ಸದಸ್ಯರಿಗೆ ಮತವಿಲ್ಲ, ಒಕ್ಕೂಟಕ್ಕೆ ಹೊಂದುವುದಿಲ್ಲ. 2013ರ ಕಂಪನಿ ಕಾಯ್ದೆಯ 8ನೆಯ ಕಲಮಿನಡಿ ಲಾಭದ ಉದ್ದೇಶವಿಲ್ಲದ ಕಂಪನಿ ಮಾಡಿದರೆ ದೇಶಾದ್ಯಂತ ಒಂದೇ ಕಾನೂನಿನಡಿ ನಡೆಯಬಹುದು, ಆದರೆ ಪ್ರತಿ ವರ್ಷ ಸಲ್ಲಿಸಬೇಕಾದ ಕಾಗದಪತ್ರಗಳಿಗಾಗಿ ಚಾರ್ಟರ್ಡ್ ಅಕೌಂಟೆಂಟ್ ಶುಲ್ಕ ತಪ್ಪದು. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಕನಿಷ್ಠ ಏಳು ಜನ ಸೇರಿ ಜಿಲ್ಲಾ ಸಂಘಗಳ ನೋಂದಣಾಧಿಕಾರಿಗಳಿಗೆ ಅರ್ಜಿ ಸಲ್ಲಿಸುವುದು ಮೂರನೆಯ ಮಾರ್ಗ. ಆರಂಭಕ್ಕೆ ಇದನ್ನೇ ನಾನು ಸೂಚಿಸುತ್ತೇನೆ, ಆದರೆ ಏಳು ಜನರಲ್ಲಿ ಕನಿಷ್ಠ ಮೂವರು ಹೊರರಾಜ್ಯದವರಾಗಿರಲಿ.

ಹೆಸರಿನ ವಿಷಯದಲ್ಲಿ ಎಚ್ಚರ ಬೇಕು. ಲಾಂಛನ ಮತ್ತು ಹೆಸರುಗಳ ದುರ್ಬಳಕೆ ತಡೆಯುವ 1950ರ ಕಾಯ್ದೆಯ ಪ್ರಕಾರ ಸರ್ಕಾರದ ಆಶ್ರಯವಿದೆ ಎಂಬ ಭಾವನೆ ಹುಟ್ಟಿಸುವ ಹೆಸರುಗಳನ್ನು ನೋಂದಾಯಿಸುವಂತಿಲ್ಲ. ‘ರಾಷ್ಟ್ರೀಯ’, ‘ಭಾರತ ಸರ್ಕಾರ’ ಮುಂತಾದ ಧ್ವನಿಯ ಪದಗಳಿಗೆ ಕಚೇರಿಯಲ್ಲಿ ಆಕ್ಷೇಪಣೆ ಬರುವ ಸಂಭವವಿದೆ. ‘ಮುಕ್ತ ಕಲಿಕಾ ಸಾಮಗ್ರಿ ಒಕ್ಕೂಟ’ ಎಂಬಂಥ ಸಾದಾ ಹೆಸರಿಟ್ಟು, ಕಾರ್ಯಕ್ಷೇತ್ರ ಇಡೀ ಭಾರತ ಎಂದು, ಸಂಘದ ಉದ್ದೇಶಗಳನ್ನು ಹೇಳುವ ಜ್ಞಾಪನಾ ಪತ್ರದಲ್ಲಿ ಬರೆದರೆ ಸಾಕು. ಮೊದಲೇ ಹೇಳಿದ ಪದವಿಯ ಗೊಂದಲವೂ ಇದರಿಂದ ತಪ್ಪುತ್ತದೆ.

ಜ್ಞಾಪನಾ ಪತ್ರ, ಬೈಲಾ, ಏಳು ಜನರ ಗುರುತು ಮತ್ತು ವಿಳಾಸದ ದಾಖಲೆ, ಕಚೇರಿ ಇರುವ ಕಟ್ಟಡದ ಮಾಲೀಕರ ಒಪ್ಪಿಗೆ ಪತ್ರ ಇವು ಸಿದ್ಧವಾಗಿರಲಿ. ಬೇರೆ ಯಾವುದೋ ಸಂಘದ ಬೈಲಾ ತಂದು ಹೆಸರು ಬದಲಿಸುವ ಚಾಳಿ ನಮ್ಮಲ್ಲಿ ವ್ಯಾಪಕವಾಗಿದೆ. ಒಮ್ಮೆ ಶಿಕ್ಷಣದ ಸಂಘವೊಂದರ ಬೈಲಾದಲ್ಲಿ ‘ಹಾಲು ಶೇಖರಣೆ’ ಎಂಬ ಉದ್ದೇಶ ಉಳಿದುಕೊಂಡದ್ದನ್ನು ನಾನೇ ನೋಡಿದ್ದೇನೆ. ಸಭೆಗೆ ಬೇಕಾದ ಕನಿಷ್ಠ ಹಾಜರಾತಿ (ಕೋರಂ) ಎಷ್ಟು, ದೂರದ ರಾಜ್ಯದವರು ವಿಡಿಯೊ ಮೂಲಕ ಸಭೆಗೆ ಹಾಜರಾಗಿ ಮತ ಹಾಕಬಹುದೇ, ನಡಾವಳಿಯನ್ನು ಎಷ್ಟು ದಿನದೊಳಗೆ ಎಲ್ಲರಿಗೂ ಕಳುಹಿಸಬೇಕು, ಈ ಮೂರನ್ನು ಬಿಡಿಸಿ ಬರೆಯಿರಿ. ಪ್ರತಿ ವರ್ಷ ಸರ್ವಸದಸ್ಯರ ಸಭೆ ನಡೆಸಿ, ಲೆಕ್ಕಪರಿಶೋಧಿತ ಜಮಾಖರ್ಚನ್ನೂ ಪದಾಧಿಕಾರಿಗಳ ಪಟ್ಟಿಯನ್ನೂ ನೋಂದಣಾಧಿಕಾರಿಗೆ ಸಲ್ಲಿಸುವುದನ್ನು ಮರೆತ ಸಂಘಗಳು ಜಿಲ್ಲೆ ಜಿಲ್ಲೆಯಲ್ಲೂ ಇವೆ. ವಿಕಿಪೀಡಿಯ ಚಳವಳಿಯ ಭಾರತೀಯ ಘಟಕ 2011ರಲ್ಲಿ ಬೆಂಗಳೂರಿನಲ್ಲಿ ನೋಂದಣಿಯಾಗಿ, 2019ರಲ್ಲಿ ಅಂತರರಾಷ್ಟ್ರೀಯ ಮಾತೃಸಂಸ್ಥೆಯ ಮಾನ್ಯತೆ ಕಳೆದುಕೊಂಡಿತು. ಆ ಎಂಟು ವರ್ಷಗಳ ಉದ್ದಕ್ಕೂ ಹಳ್ಳಿ ಪಟ್ಟಣಗಳಲ್ಲಿ ಲೇಖನ ಬರೆಯುವವರ ಕೆಲಸ ನಡೆದೇ ಇತ್ತು, ಆಮೇಲೂ ನಡೆಯಿತು.

ಹಣ

ಮೊದಲ ಎರಡು ವರ್ಷ ಸದಸ್ಯ ಸಂಸ್ಥೆಗಳ ವಂತಿಗೆಯಲ್ಲೇ ನಡೆಸಿ. ಸಂಘದ ಆದಾಯಕ್ಕೂ ದಾನಿಗಳಿಗೂ ತೆರಿಗೆ ರಿಯಾಯಿತಿ ಕೊಡುವ, ಎಲ್ಲರೂ 12ಎ ಮತ್ತು 80ಜಿ ಎಂದು ಕರೆಯುವ ಆದಾಯ ತೆರಿಗೆ ನೋಂದಣಿಗಳನ್ನು ಲೆಕ್ಕಿಗರ ನೆರವಿನಿಂದ ಆದಷ್ಟು ಬೇಗ ಮಾಡಿಸಿಕೊಳ್ಳಿ.

ವಿದೇಶಿ ಪ್ರತಿಷ್ಠಾನಗಳ ನೆರವಿನ ಆಸೆ ಇದ್ದರೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯಡಿಯ (ಎಫ್‌ಸಿಆರ್‌ಎ) ನೋಂದಣಿ ಬೇಕು. ಅದಕ್ಕೆ ಸಂಘಕ್ಕೆ ಮೂರು ವರ್ಷ ತುಂಬಿರಬೇಕು, ಹಿಂದಿನ ಮೂರು ವರ್ಷಗಳಲ್ಲಿ ತನ್ನ ಮುಖ್ಯ ಚಟುವಟಿಕೆಗೆ ಕನಿಷ್ಠ 15 ಲಕ್ಷ ರೂಪಾಯಿ ಖರ್ಚು ಮಾಡಿರಬೇಕು, ಹಣ ಬರುವ ಖಾತೆ ನವದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯಲ್ಲಿರಬೇಕು. ಒಕ್ಕೂಟಗಳಿಗೆ ನಿಜವಾಗಿ ಪೆಟ್ಟು ಕೊಡುವುದು 2020ರ ತಿದ್ದುಪಡಿ: ಹೀಗೆ ಪಡೆದ ವಿದೇಶಿ ಹಣವನ್ನು ಬೇರೊಂದು ಸಂಸ್ಥೆಗೆ ವರ್ಗಾಯಿಸುವಂತಿಲ್ಲ. ಅಂದರೆ ರಾಷ್ಟ್ರೀಯ ಒಕ್ಕೂಟ ಹಣ ತಂದು ರಾಜ್ಯ ಘಟಕಗಳಿಗೆ ಹಂಚುತ್ತದೆ ಎಂಬ ಹಳೆಯ ಲೆಕ್ಕಾಚಾರ ಈಗ ನಡೆಯುವುದಿಲ್ಲ. ರಾಜ್ಯದ ಗುಂಪುಗಳು ಮೊದಲಿನಿಂದಲೇ ತಮ್ಮ ಕಾಲ ಮೇಲೆ ನಿಂತಿರಬೇಕು ಎನ್ನುವುದಕ್ಕೆ ಇದೂ ಒಂದು ಕಾರಣ.

ಬೈಲಾ ಬರೆಯುವಾಗ ವಿಸರ್ಜನೆಯ ಕಲಮನ್ನು ಅಪಶಕುನವೆಂದು ಬಿಡುವವರಿದ್ದಾರೆ, ಬಿಡಬೇಡಿ. ಸಂಘ ಮುಚ್ಚಿದಾಗ ಉಳಿದ ಆಸ್ತಿ ಸದಸ್ಯರಿಗೆ ಹಂಚಿಕೆಯಾಗುವಂತಿಲ್ಲ, ಅದೇ ಉದ್ದೇಶದ ಇನ್ನೊಂದು ಸಂಘಕ್ಕೆ ಹೋಗಬೇಕು. ಅದು ಯಾವ ಬಗೆಯ ಸಂಘ ಎಂದು ಈಗಲೇ ಬರೆದಿಡಿ. ಪಾಠಗಳ ವಿಷಯದಲ್ಲಿ ಚಿಂತೆಯಿಲ್ಲ, ಏಕೆಂದರೆ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯನ್ನು ಒಮ್ಮೆ ಕೊಟ್ಟ ಮೇಲೆ ಹಿಂಪಡೆಯಲಾಗದು. ಒಕ್ಕೂಟದೊಡನೆ ಮುಳುಗಿಹೋಗಬಹುದಾದದ್ದು ಪಟ್ಟಿ. ಪಟ್ಟಿಯ ಪೂರ್ಣ ಪ್ರತಿಯನ್ನೂ ತಿದ್ದಬಹುದಾದ ಮೂಲ ಕಡತಗಳನ್ನೂ ಮೂರು ತಿಂಗಳಿಗೊಮ್ಮೆ ಪ್ರತಿಯೊಂದು ರಾಜ್ಯದ ಸದಸ್ಯರಿಗೆ ಕಳುಹಿಸಿ, ತಲುಪಿದ್ದಕ್ಕೆ ರಸೀದಿ ಪಡೆಯುವುದು ಕಾರ್ಯದರ್ಶಿಯ ಕರ್ತವ್ಯ ಎಂಬ ವಾಕ್ಯವನ್ನು ಅದೇ ಕಲಮಿನ ಕೆಳಗೆ ಸೇರಿಸಿ.